ಮೊದಲ ಓವರ್

"ನಿಜ ಹೇಳಿ, ನೋವಿದೆಯಾ ಇಲ್ವಾ?" ನಾಯಕ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲೇ ನಿಂತು ಕೇಳಿದ. ಟಾಸ್‌ಗೆ ಇನ್ನು ಹತ್ತೇ ನಿಮಿಷ. ಬೆಂಚಿನ ಮೇಲೆ ಕೂತಿದ್ದ ಹಿರಿಯ ವೇಗದ ಬೌಲರ್ ಊದಿಕೊಂಡ ಮಂಡಿಯ ಮೇಲೆ ಟವೆಲ್ ಎಳೆದುಕೊಂಡ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ 'ಆಗಲ್ಲ' ಅಂದವನಲ್ಲ. ಇವತ್ತು ಅನ್ನಬೇಕೆಂದಿದ್ದ, ಬಾಯಿ ಬರಲಿಲ್ಲ.

ಅವನು ಹಿಂದೆ ಸರಿದರೆ ಆಡುವವನು ಅವನ ಒಡಹುಟ್ಟಿದ ತಮ್ಮನೇ. ಎರಡು ವರ್ಷದಿಂದ ತಂಡದ ಜೊತೆ ಸುತ್ತಿ ಮೈದಾನಕ್ಕೆ ನೀರು ಹೊತ್ತದ್ದೇ ಬಂತು, ಒಂದು ಪಂದ್ಯವೂ ಸಿಕ್ಕಿರಲಿಲ್ಲ. ಬೆಳಿಗ್ಗೆ ಅಣ್ಣ ಗೋಡೆ ಹಿಡಿದು ಮೆಟ್ಟಿಲಿಳಿದದ್ದನ್ನು ಕಂಡವನೂ ಅವನೊಬ್ಬನೇ. ಹೇಳಿಬಿಡೋ, ನೀನಾದರೂ ಹೇಳಿಬಿಡೋ ಎಂದು ಅಣ್ಣ ಒಳಗೊಳಗೇ ಬೇಡಿಕೊಂಡ.

ನಾಯಕ ಪಕ್ಕದಲ್ಲೇ ನಿಂತಿದ್ದ ತಮ್ಮನ ಕಡೆ ತಿರುಗಿದ. "ನೀನೇ ಹೇಳಪ್ಪ, ಒಂದೇ ರೂಮಲ್ಲಿ ಇರ್ತೀರಲ್ಲ."

ತಮ್ಮ ಟವೆಲ್ ನೋಡಿದ, ಆಮೇಲೆ ಅಣ್ಣನ ಮುಖ ನೋಡಿದ. "ಅಣ್ಣಂಗೇನಾಗಿದೆ? ಗುಂಡುಕಲ್ಲಿನ ಹಾಗಿದಾನೆ."

"ಹಾಗಾದ್ರೆ ಮೊದಲ ಓವರ್ ನಿಮ್ದೇ," ಎಂದು ನಾಯಕ ನಿರಾಳವಾಗಿ ಹೊರಟ.

ಅಣ್ಣನಿಗೆ ಶೂ ಹಾಕಿಕೊಳ್ಳಲೂ ಕಾಲು ಮಡಿಸಲಾಗಲಿಲ್ಲ. ತಮ್ಮ ಎದುರಿಗೆ ಕುಕ್ಕರಗಾಲಲ್ಲಿ ಕೂತು ಲೇಸ್ ಕಟ್ಟಿದ.

"ಬಿಗಿಯಾಯ್ತಾ, ಅಣ್ಣಾ?"

"ಇಲ್ಲ ಕಣೋ, ಸರಿಯಾಗಿದೆ," ಅಂದ ಅಣ್ಣ, ಅವನ ಹೆಗಲು ಹಿಡಿದು ಎದ್ದು ನಿಂತ.