ಮುಚ್ಚಿದ ಬಾಗಿಲಿನ ಮುಂದೆ ಮಗ್ಗ

“ಅಮ್ಮಾ, ಆ ಬಾಗಿಲು ಸ್ವಲ್ಪ ಮುಚ್ತೀರಾ? ಕೆಮ್ಮು ರೆಕಾರ್ಡಾಗ್ತಿದೆ,” ಎಂದಳು ಲೆಕ್ಸಿಂಗ್ಟನ್ ನಗರದಿಂದ ಸಂದರ್ಶನಕ್ಕೆ ಬಂದಿದ್ದ ರೇಡಿಯೋ ಹುಡುಗಿ.

ಮಗ್ಗದ ಲಾಳಿ ಹಿಡಿದ ಆರ್ಡಿತ್‌ಳ ಕೈ ನಿಂತಿತು. ಒಳಕೋಣೆಯಲ್ಲಿದ್ದವನು ಗಂಡ ಹೋಬರ್ಟ್. ಅವನ ಎದೆಯಲ್ಲಿ ಗಣಿಯ ಧೂಳು ಕೂತಾಗಿನಿಂದ ಅವಳು ಆ ಬಾಗಿಲು ಮುಚ್ಚಿದವಳೇ ಅಲ್ಲ. ಅವನ ಉಸಿರಿಗೆ ಕಿವಿಗೊಟ್ಟುಕೊಂಡೇ ಹೊದಿಕೆ ನೇಯುತ್ತಿದ್ದಳು. ಆದರೆ ಈ ಮಾತುಕತೆ ಪ್ರಸಾರವಾದರೆ ಅವಳ ಹೊದಿಕೆ ಅಂಗಡಿಗೆ ನಾಲ್ಕು ಜನ ಬಂದಾರು. ಇಲ್ಲವಾದರೆ ಚಳಿಗಾಲದೊಳಗೆ ಬೀಗವೇ ಗತಿ.

“ಮುಚ್ಚೇ ಮುದುಕಿ,” ಹೋಬರ್ಟನೇ ಒಳಗಿನಿಂದ ಕೂಗಿದ. “ನನ್ ಕೆಮ್ಮಿಗೆ ಗಣಿಯವ್ರೇ ಕಾಸು ಬಿಚ್ಚಲಿಲ್ಲ, ರೇಡಿಯೋದವ್ರು ಬಿಚ್ತಾರಾ?”

ಅವಳು ಬಾಗಿಲು ಮುಚ್ಚಿ ಬಂದು ಕೂತಳು. ಮಗ್ಗ ಟಕಟಕ ಎಂದಿತು.

“ಆಹಾ! ಇದು ನೋಡಿ, ಕೆಂಟಕಿ ಬೆಟ್ಟಗಳ ನಿಜವಾದ ದನಿ,” ಎಂದಳು ಹುಡುಗಿ. “ಸಾಕಮ್ಮಾ, ನಿಲ್ಲಿಸಿ.”

ಮಗ್ಗ ನಿಲ್ಲಿಸಿದ ಮೇಲೂ ಒಳಗಿನಿಂದ ಕೆಮ್ಮೂ ಉಸಿರೂ ಕೇಳಿಸದಿದ್ದರೆ ಎಂಬ ಭಯಕ್ಕೆ ಆರ್ಡಿತ್ ನೇಯುತ್ತಲೇ ಇದ್ದಳು.