ಒಂಟಿ ಸೀನು

ಕನಕಪುರ ರಸ್ತೆಯಲ್ಲಿ ಕಾರು ಒಮ್ಮೆ ಕೆಮ್ಮಿ ನಿಂತಾಗ ಬೆಳಿಗ್ಗೆ ಹತ್ತು ಗಂಟೆ. ಕೋಣನಕುಂಟೆಯ ಛತ್ರದಲ್ಲಿ ವಿಮಲಾಳ ತಮ್ಮನಿಗೆ ಹತ್ತು ನಲವತ್ತಕ್ಕೆ ಮುಹೂರ್ತ. ಅವನು ಕಟ್ಟಬೇಕಾದ ತಾಳಿ ವಿಮಲಾಳ ಕೈಚೀಲದಲ್ಲಿತ್ತು. ಗಂಡ ಭಾರ್ಗವ ಆಟೋ ಬುಕ್ ಮಾಡಿ, ಅದು ಬರುವ ತನಕ ನೆರಳಿರಲಿ ಎಂದು ರಸ್ತೆ ಬದಿಯ ಹಳೇ ಹೋಟೆಲಿನೊಳಗೆ ಅವಳನ್ನು ಕೂರಿಸಿದ.

ಗಲ್ಲಾದಲ್ಲಿ ಯಾರೂ ಇಲ್ಲ, ಕಾಫಿಯ ವಾಸನೆಯೂ ಇಲ್ಲ. ಮೂಲೆಯಲ್ಲಿ ಜರಿಪೇಟ ಸುತ್ತಿದ ಮುದುಕರೊಬ್ಬರು ಉಡುಗೊರೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅಷ್ಟರಲ್ಲಿ ಆಟೋ ಬಂತು, ಗಂಡಹೆಂಡಿರು ಎದ್ದರು. ಅಡುಗೆಮನೆಯಿಂದ ಯಾರೋ ಒಂದೇ ಒಂದು ಸಲ ಸೀನಿದರು.

ವಿಮಲಾ ದೊಪ್ಪನೆ ಕೂತುಬಿಟ್ಟಳು. ಹೊರಟಾಗ ಒಂಟಿ ಸೀನು ಬಿದ್ದರೆ ಕೂತು, ನೀರು ಕುಡಿದೇ ಏಳಬೇಕು. ಅವಳ ತವರಿನಲ್ಲಿ ಇದಕ್ಕೆ ಅಪೀಲೇ ಇಲ್ಲ. ನೀರೆಲ್ಲಿ ಎಂದು ನೋಡಿದರೆ ಮೇಜಿನ ಮೇಲೆ ತುಂಬಿದ ಎರಡು ಲೋಟ. ಭಾರ್ಗವನಿಗೆ ನಗು ತಡೆಯಲಾಗಲಿಲ್ಲ. ಕುಡಿದರು, ಎದ್ದರು, ಸೀನು. ಕೂತರು, ತಾನಾಗಿ ತುಂಬಿಕೊಂಡಿದ್ದ ಲೋಟ ಎತ್ತಿ ಕುಡಿದರು, ಎದ್ದರು, ಮತ್ತೆ ಸೀನು. ಆಟೋದವನು ಬೈದುಕೊಂಡು ಹೋದ. ಭಾರ್ಗವ ಇನ್ನೊಂದು ಬುಕ್ ಮಾಡಿದ.

ಎಷ್ಟು ಹೊತ್ತಿನಿಂದ ಕೂತಿದ್ದೀರಿ ಎಂದು ಅವನು ಮುದುಕರನ್ನು ಕೇಳಿದ. ಹೆಸರು ತಿಮ್ಮರಾಯಪ್ಪನಂತೆ, ಅಕ್ಕನ ಮಗಳ ಮದುವೆಗೆ ಹೊರಟವರಂತೆ. ಲಗ್ನಪತ್ರಿಕೆಯನ್ನೂ ತೋರಿಸಿದರು. ಅದರಲ್ಲಿದ್ದ ಇಸವಿ ಸಾವಿರದ ಒಂಬೈನೂರ ಎಂಬತ್ತೇಳು.

"ನೀರಿಗೇನೂ ಕಮ್ಮಿ ಮಾಡಲ್ಲ ಸಾರ್," ಅಂದರು.

ಭಾರ್ಗವ ಅಡುಗೆಮನೆಗೆ ನುಗ್ಗಿದ. ಒಲೆಯೊಳಗೆ ಜೇಡರ ಬಲೆ, ಗೋಡೆ ಸೀಳಿ ಬೆಳೆದ ಅರಳಿ ಗಿಡ, ನರಪಿಳ್ಳೆಯಿಲ್ಲ. ಆ ಖಾಲಿ ಜಾಗ ಅವನ ಎದುರೇ ಸೀನಿತು. ಅವನು ಹೊರಗೆ ಓಡಿಬಂದ.

"ವಿಮಲಾ, ಒಳಗಿರೋದು ಮನುಷ್ಯ ಅಲ್ಲ."

"ಯಾರಾದ್ರೂ ಆಗಿರ್ಲಿ ರೀ. ಸೀನು ಒಂಟಿ ತಾನೇ? ತಾಳಿ ಇಟ್ಕೊಂಡು ನಾನು ಹೆಂಗೆ ಏಳ್ಲಿ?"

ದೆವ್ವಕ್ಕೆ ಹೆದರದ ಈ ಹೆಂಗಸನ್ನು ಎಬ್ಬಿಸುವುದು ಹೇಗೆ? ಗಂಟೆ ಹತ್ತೂವರೆ, ಬಾಗಿಲಲ್ಲಿ ಎರಡನೇ ಆಟೋ. ಭಾರ್ಗವ ಶಲ್ಯದ ಒಂದು ಎಳೆ ಕಿತ್ತು ಹೊಸೆದು ಮೂಗಿಗೆ ತೂರಿಸಿಕೊಂಡು ಎದ್ದು ನಿಂತ. ಒಳಗೆ ಸೀನು ಬಿತ್ತು. ಅದರ ಬೆನ್ನಿಗೇ ಇವನು ಹೆಂಚು ಹಾರುವಂತೆ ಸೀನಿದ. ಜೋಡಿ ಸೀನೆಂದರೆ ಶುಭ! ವಿಮಲಾಳ ಮುಖ ಅರಳಿತು. ಇಬ್ಬರೂ ಓಡಿದರು, ತಿಮ್ಮರಾಯಪ್ಪ ಅವರಿಗಿಂತ ಮೊದಲೇ ಆಟೋ ಹತ್ತಿದ್ದರು.

"ನಾಲ್ಕು ಜನ ಆಗಲ್ಲ ಸಾರ್," ಎಂದು ಡ್ರೈವರ್ ಗೊಣಗಿದ. ಮೂವರೇ ಕಣಪ್ಪ, ಹೊರಡು ಎಂದು ಭಾರ್ಗವ ಗದರಿದ. ತಿರುಗಿ ಎಣಿಸುವಷ್ಟು ಪುರುಸೊತ್ತು ಯಾರಿಗಿತ್ತು?

ಮುಹೂರ್ತ ತಪ್ಪಲಿಲ್ಲ. ಗಟ್ಟಿಮೇಳದ ಅಬ್ಬರದಲ್ಲಿ ತಮ್ಮ ತಾಳಿ ಕಟ್ಟಿದ, ವಿಮಲಾ ಸಂತೋಷಕ್ಕೆ ಗಳಗಳನೆ ಅತ್ತಳು. ಭಾರ್ಗವನಿಗಂತೂ ಕುಣಿಯುವಷ್ಟು ಖುಷಿ. ಓಲಗ ನಿಂತಿತು. ಹೊರಗೆ ಹೋಗಿ ಅರುಂಧತಿ ನಕ್ಷತ್ರ ನೋಡೋಣ ಎಂದು ಪುರೋಹಿತರು ವಧೂವರರನ್ನು ಎಬ್ಬಿಸಿದರು. ನೆಂಟರೆಲ್ಲ ಜೊತೆಗೆ ಎದ್ದರು.

ಮುಂದಿನ ಸಾಲಿನ ಖಾಲಿ ಸೋಫಾದಿಂದ ಒಂದು ಸೀನು ಬಿತ್ತು.

ವಿಮಲಾ ಕೂತಳು. ಮದುಮಕ್ಕಳು ಕೂತರು. ಪುರೋಹಿತರ ಸಮೇತ ಮುನ್ನೂರು ಜನ ತೆಪ್ಪಗೆ ಕೂತರು. ನಿಂತಿದ್ದವನು ಭಾರ್ಗವ ಒಬ್ಬನೇ. ಹಿಂದಿನ ಸಾಲಿನಲ್ಲಿ ಕೂತಿದ್ದ ತಿಮ್ಮರಾಯಪ್ಪ ಸರಿದು ಅವನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಕೂತ್ಕೊಳ್ಳಿ ಸಾರ್. ಮೊದಲ ಹತ್ತು ವರ್ಷ ಕಷ್ಟ, ಆಮೇಲೆ ಅಭ್ಯಾಸ ಆಗೋಗುತ್ತೆ."