ಪ್ಯಾಡಿನ ಹಿಂದಿನ ದಾಳ

ಅಯಸ್ಕಾಂತದ ಚೂರನ್ನು ದಾಳದೊಳಗೆ ಕೂರಿಸಿ, ತೂತಿಗೆ ಕೆಂಪು ಬಣ್ಣ ಬಳಿದು, ವಿಶ್ವರಾಧ್ಯ ಅಂಗಡಿಯ ಬಾಗಿಲು ಅರ್ಧ ಎಳೆದ. ಶಹಾಪುರದ ಪೇಟೆಯಲ್ಲಿ ಸತ್ತ ಮೊಬೈಲುಗಳಿಗೆ ಜೀವ ಕೊಡುವ ಕೈ ಅದು. ಈ ಕೆಲಸ ಅದಕ್ಕೆ ಯಾವ ಲೆಕ್ಕ? ಚೂರು ಹಾಳಾದ ಫೋನೊಂದರ ಸ್ಪೀಕರಿನದು. ದಾಳಕ್ಕೆ ಇಪ್ಪತ್ತು ಮುಖ. ಚೂರು ಕೂತದ್ದು ‘ಒಂದು’ ಎಂದು ಬರೆದ ಮುಖದ ಹಿಂದೆ. ಅದರ ನೇರ ಎದುರಿಗೆ ಇಪ್ಪತ್ತು.

ತಗಡಿನ ಮುಚ್ಚಳವೊಂದರಲ್ಲಿ ಎಸೆದು ನೋಡಿದ. ದಾಳ ಉರುಳಲಿಲ್ಲ. ಟಕ್ ಎಂದು ಅಂಟಿ ಕೂತಿತು. ಮೇಲೆ ಇಪ್ಪತ್ತು. ಹತ್ತು ಸಲ ಎಸೆದ. ಹತ್ತು ಸಲವೂ ಅದೇ.

“ಇವತ್ತ ಸಿಕ್ಕೊಂಡಿ ನೀ,” ಎಂದ, ಅಲ್ಲಿಲ್ಲದ ಹೆಂಡತಿಗೆ.

ಹೆಂಡತಿ ಭುವನೇಶ್ವರಿ ಶಾಲೆಯಲ್ಲಿ ಟೀಚರು. ಬಿ.ಎಡ್. ಹಾಸ್ಟೆಲಿನಲ್ಲಿ ಕಲಿತ ಕಥೆಯಾಟವೊಂದನ್ನು ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಮನೆಯಲ್ಲೇ ಆಟ. ಕಥೆ ನಡೆಸುವವಳು ಅವಳು, ಉಳಿದವರಿಗೆ ಒಂದೊಂದು ಪಾತ್ರ. ಶತ್ರು ಮೈಮೇಲೆ ಬಂದಾಗ ದಾಳ ಎಸೆಯುವವಳೂ ಅವಳೇ. ಅದೂ ನೆಟ್ಟಗೆ ನಿಲ್ಲಿಸಿದ ಎರಡು ಪರೀಕ್ಷೆ ಪ್ಯಾಡುಗಳ ಹಿಂದೆ, ಬಿಸ್ಕೀಟು ಡಬ್ಬಿಯ ತಗಡಿನ ಮುಚ್ಚಳದಲ್ಲಿ. ಏನು ಬಿತ್ತೋ ಅವಳಿಗೊಬ್ಬಳಿಗೇ ಗೊತ್ತು. ಇಪ್ಪತ್ತು ಬಿದ್ದರೆ ಪಾತ್ರ ಸತ್ತಿತು; ಆಡುವವನು ಎದ್ದು ಮನೆಗೆ ಹೋಗಬೇಕು, ಮತ್ತೆ ಆಟಕ್ಕೆ ಬರುವಂತಿಲ್ಲ.

ಮೊದಲು ಐವರಿದ್ದರು. ಎರಡು ವರ್ಷದಲ್ಲಿ ಮೂವರು ಸತ್ತು ಎದ್ದುಹೋದರು. ಉಳಿದವರು ಇಬ್ಬರು: ವಿಶ್ವರಾಧ್ಯನ ಸುಬೇದಾರ, ಅರುಣಕುಮಾರನ ಬೇಟೆಗಾರ. ಅರುಣಕುಮಾರ ದೋರನಹಳ್ಳಿಯಿಂದ ಬೈಕಿನಲ್ಲಿ ಬರುವ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆ ಮಾತು. ಅವನ ಬೈಕಿನ ಸದ್ದು ಕೇಳಿದರೆ ಭುವನೇಶ್ವರಿ ಚಹಾಕ್ಕೆ ಇಡುತ್ತಿದ್ದಳು. ಆ ಒಲೆಗಿಂತ ಮೊದಲು ವಿಶ್ವರಾಧ್ಯನ ಹೊಟ್ಟೆ ಉರಿಯುತ್ತಿತ್ತು.

ಆ ಬೇಟೆಗಾರನಿಗೆ ಸಾವೇ ಇರಲಿಲ್ಲ. ಸುರಪುರದ ಗುಡ್ಡದಿಂದ ಉರುಳಿ ಕಾಲು ಮುರಿದುಕೊಂಡ, ಸಾಯಲಿಲ್ಲ. ಹದ್ದು ಕುಕ್ಕಿ ಒಂದು ಕಣ್ಣು ಹೋಯಿತು, ಸಾಯಲಿಲ್ಲ. ಸುಬೇದಾರನ ಮೈಮೇಲೂ ಒಂದು ಗೀರು ಇರಲಿಲ್ಲವೆನ್ನಿ. ಆದರೆ ಅದು ವಿಶ್ವರಾಧ್ಯನ ಜಾಣತನ. ಕುಂಟ ಬೇಟೆಗಾರನಿಗೆಲ್ಲಿಯ ಜಾಣತನ? ಅವನನ್ನು ಪ್ಯಾಡಿನ ಹಿಂದೆ ಯಾರೋ ಕಾಯುತ್ತಿದ್ದಾರೆ.

ಹೋದ ಭಾನುವಾರ ಆ ಮಾತೂ ಬಂದೇಬಿಟ್ಟಿತು.

“ದಾಳ ಏನ್ ಹೇಳ್ತದೋ ಅದೇ ಖರೆ, ಮೇಡಂ,” ಎಂದಿದ್ದ ಅರುಣಕುಮಾರ. “ಹಿಂದ ಕುಂತು ಸುಳ್ಳು ಹೇಳೋದಾದ್ರ ಆಟ ಯಾಕ ಆಡ್ಬೇಕ್ರಿ?”

“ನಿಮಗೇನ್ರಿ, ಹೇಳ್ತೀರಿ,” ಎಂದಳು ಭುವನೇಶ್ವರಿ, ಅವನತ್ತ ನೋಡುತ್ತ. “ಜೀವದ ಮನಿಷ್ಯಾನ್ನ ಒಂದು ದಾಳಕ್ಕ ಕೊಲ್ಲು ಅಂದ್ರ ನನ್ನ ಕೈಲಿಂದ ಆಗಂಗಿಲ್ಲ.”

ಜೀವದ ಮನುಷ್ಯ! ಅದೂ ಗಂಡನ ಎದುರಿಗೆ. ವಿಶ್ವರಾಧ್ಯ ಚಹಾದ ಲೋಟ ಪಕ್ಕಕ್ಕೆ ಸರಿಸಿದ. ಇತ್ತ ಸುಬೇದಾರನ ಸರದಿ ಬಂದಾಗ ಮಾತ್ರ ಅವಳು ತುಟಿ ಕಚ್ಚಿ, ಮುಚ್ಚಳದ ಮೇಲೆ ಬಗ್ಗಿ, ಬಿದ್ದ ದಾಳವನ್ನು ಎಷ್ಟೋ ಹೊತ್ತು ದಿಟ್ಟಿಸುತ್ತಿದ್ದಳು. ತನ್ನ ಸುಬೇದಾರನಿಗೆ ಇಪ್ಪತ್ತು ಬೀಳಲೆಂದು ಅವಳು ಹರಕೆ ಹೊತ್ತಿರಬೇಕು ಎಂದುಕೊಂಡಿದ್ದ ವಿಶ್ವರಾಧ್ಯ.

ಅದಕ್ಕೇ ಈ ಅಯಸ್ಕಾಂತ. ಇವತ್ತು ಎಸೆದದ್ದೆಲ್ಲ ಇಪ್ಪತ್ತೇ. ಬೇಟೆಗಾರನಿಗೆ ಎಸೆದು ಅವಳು ಬೇರೆ ಅಂಕಿ ಹೇಳಿದರೆ ಸಾಕು. ಕಕ್ಕೇರಾದ ಮಾವನಿಗೆ ಫೋನು. ‘ಬಂದು ನಿಮ್ಮ ಮಗಳನ್ನ ಕರ್ಕೊಂಡು ಹೋಗ್ರಿ.’ ಆ ಮಾತನ್ನು ಮೂರು ದಿನದಿಂದ ಬಾಯಿಪಾಠ ಮಾಡಿದ್ದ.

ಊಟವಾದ ಮೇಲೆ ಅವಳು ಕೈ ತೊಳೆಯಲು ಹೋದಾಗ ದಾಳ ಬದಲಾಯಿತು.

ಆಟ ಬೋನಾಳದ ಕೆರೆಗೆ ಬಂದಿತ್ತು. ಬಸ್ಸಿನಷ್ಟು ದೊಡ್ಡ ಮೊಸಳೆ ನೀರಿನಿಂದೆದ್ದು ಬೇಟೆಗಾರನತ್ತ ಬಾಯಿ ತೆರೆಯಿತು. ವಿಶ್ವರಾಧ್ಯ ಜೇಬಿನ ಫೋನಿನ ಮೇಲೆ ಕೈಯಿಟ್ಟು ಕೂತ. ಮೈಯೆಲ್ಲ ಕಿವಿ.

ಟಕ್.

ಭುವನೇಶ್ವರಿ ಮುಚ್ಚಳ ನೋಡಿದಳು. “ಇಪ್ಪತ್ತು,” ಎಂದಳು. “ಮುಗೀತ್ರಿ, ಅರುಣಕುಮಾರ್.”

“ಹಾಂ, ಇದು ನ್ಯಾಯ ನೋಡ್ರಿ!” ಅರುಣಕುಮಾರ ನಕ್ಕ. ಎರಡು ವರ್ಷದ ಬೇಟೆಗಾರ ಸತ್ತ ಸಂಕಟ ಮಾತ್ರ ಅವನ ಮುಖದಲ್ಲಿ ಕಾಣುತ್ತಿತ್ತು.

ವಿಶ್ವರಾಧ್ಯ ತಬ್ಬಿಬ್ಬಾದ. ಯಾಕೆ ಉಳಿಸಲಿಲ್ಲ? ಸುಳಿವು ಸಿಕ್ಕಿತೇ? ಇಬ್ಬರೂ ಜಗಳವಾಡಿದ್ದಾರೆಯೇ?

“ಮುಚ್ಚಳಕ್ಕ ಏನೋ ಅಂಟು ಹತ್ತೇದ,” ಎಂದು ಗೊಣಗುತ್ತ ಅವಳು ದಾಳ ಕಿತ್ತುಕೊಂಡಳು. “ಈಗ ಮೊಸಳಿ ಸುಬೇದಾರನ ಕಡೆ ತಿರುಗ್ತದ.”

ಆಗ ಅವನಿಗೆ ನೆನಪಾಯಿತು. ದಾಳಕ್ಕೆ ಬೇಟೆಗಾರನೂ ಒಂದೇ, ಸುಬೇದಾರನೂ ಒಂದೇ. ಹೊಟ್ಟೆಕಿಚ್ಚಿನ ಭರದಲ್ಲಿ ಇದೊಂದನ್ನು ಯೋಚಿಸಿರಲಿಲ್ಲ. ಬೇಡವೆಂದರೆ ಯಾಕೆಂದು ಹೇಳಬೇಕು. ಸರಿ, ಅವಳು ಹರಕೆ ಹೊತ್ತದ್ದು ಇವತ್ತು ಕೈಗೂಡಲಿ.

ಟಕ್.

ಭುವನೇಶ್ವರಿ ತುಟಿ ಕಚ್ಚಿ ಮುಚ್ಚಳದ ಮೇಲೆ ಬಗ್ಗಿದಳು. ಎಷ್ಟೋ ಹೊತ್ತು ದಿಟ್ಟಿಸಿದಳು. ಒಮ್ಮೆ ಗಂಡನ ಮುಖ ನೋಡಿ, ಸರಕ್ಕನೆ ದಾಳದ ಮೇಲೆ ಅಂಗೈ ಮುಚ್ಚಿದಳು.

“ಮೂರು,” ಎಂದಳು. “ಪಾರಾದ್ರಿ ನೋಡ್ರಿ.”